ಅತ್ತೆಯ ಅಳತೆಯ ಕೌದಿ

"ಬೇಡ! ಕತ್ತರಿ ಹಾಕಬೇಡಿ!"

ಅವಳು ಕೂಗಿದ ರಭಸಕ್ಕೆ ಕೌದಿ ಹೊಲಿಯುವವನ ಕೈ ಗಾಳಿಯಲ್ಲೇ ನಿಂತಿತು. ಮೇಜಿನ ಮೇಲೆ ಅವಳ ಗಂಡನ ನೀಲಿ ಟೀ ಶರ್ಟು ತೋಳು ಚಾಚಿ ಅಂಗಾತ ಮಲಗಿತ್ತು. ಥೇಟ್ ಅವನ ಹಾಗೇ...

"ಕತ್ತರಿಸದೇ ಕೌದಿ ಹೇಗೆ ಹೊಲೀಲಿ ಮೇಡಂ? ಗಂಟು ಹಾಕ್ಲಾ?" ಅಂದವನು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಕತ್ತರಿಯ ಹಿಡಿಯನ್ನು ಅವಳತ್ತ ತಿರುಗಿಸಿದ. "ನೀವೇ ಕತ್ತರಿಸಿ. ನಾನು ಬಟ್ಟೆ ಹಿಡ್ಕೋತೀನಿ."

ಹಳೆಯ ಟೀ ಶರ್ಟುಗಳಿಂದ ನೆನಪಿನ ಕೌದಿ ಹೊಲಿದುಕೊಡುವ ಅಂಗಡಿ ಅದು. ಸ್ಟೂಲಿನ ಮೇಲೆ ಕಾಲು ನೆಲಕ್ಕೆ ಎಟುಕದೆ ಕೂತಿದ್ದ ಗಿಡ್ಡ ಅತ್ತೆ ಕಣ್ಣೊರೆಸಿಕೊಂಡರು.

"ಇವಳ ಮಂಚದ ಅಳತೆಗೆ ಮಾಡಪ್ಪ. ದಿನಾ ಹೊದ್ಕೊಂಡು ಮಲಗ್ತಾಳೆ. ನನ್ನ ಮಗ ಜೊತೇಲೇ ಇದ್ದ ಹಾಗಿರುತ್ತೆ. ಅಲ್ವೇನೇ ಕಂದ?"

"ಹೂಂ ಅತ್ತೆ."

ಎರಡು ವರ್ಷದ ಹಿಂದೆ ಅಪಘಾತದಲ್ಲಿ ಗಂಡ ಹೋದ. ಅಂದಿನಿಂದ ಅತ್ತೆ ಅವಳ ಕೈ ಬಿಟ್ಟಿರಲಿಲ್ಲ. ಶಿಶುವಿಹಾರದ ಕೆಲಸ ಬಿಡಿಸಿದರು. ಅವಳ ಕೋಣೆಯಲ್ಲೇ ಚಾಪೆ ಹಾಸಿದರು. ಸ್ನಾನಕ್ಕೆ ಹೋದರೂ ಬಾಗಿಲ ಹೊರಗಿನಿಂದ "ಇದ್ದೀಯೇನೇ?" ಅನ್ನುತ್ತಿದ್ದರು. "ನೀನೂ ಹೋದ್ರೆ ನನ್ನ ಮಗ ಇನ್ನೊಂದು ಸಲ ಸತ್ತ ಹಾಗೆ" ಎಂದು ಅವಳ ತಲೆ ಬಾಚುತ್ತಲೇ ಹೇಳುತ್ತಿದ್ದರು.

ಬೈಯುವವರಾಗಿದ್ದರೆ ಜಗಳವಾಡಿ ಹೊರಡಬಹುದಿತ್ತು. ಇಷ್ಟು ಪ್ರೀತಿಸುವ ಕೈಯನ್ನು ಬಿಡಿಸಿಕೊಳ್ಳುವುದು ಹೇಗೆ?

ಕೌದಿಯ ನೆಪದಲ್ಲಿ ಒಬ್ಬಳೇ ಅಂಗಡಿಗೆ ಬರುವ ಮಧ್ಯಾಹ್ನಗಳು ಅವಳಿಗೆ ಸಿಕ್ಕವು. ಅವಳು ಕತ್ತರಿಸುತ್ತಿದ್ದಳು. ಟೀ ಶರ್ಟಿನ ಬಟ್ಟೆ ಎಳೆದರೆ ಜಗ್ಗುತ್ತದೆಂದು ಅವನು ಪ್ರತಿ ತುಂಡಿನ ಹಿಂದೆಯೂ ತೆಳು ಅಂಟುಬಟ್ಟೆ ಇಟ್ಟು ಇಸ್ತ್ರಿ ಒತ್ತುತ್ತಿದ್ದ.

"ಇದ್ಯಾವ ಕಲೆ ಮೇಡಂ?"

"ಸುಣ್ಣದ್ದು. ಗೋಡೆಗೆ ಬಳೀತೀನಿ ಅಂತ ಹೋಗಿ ತಮಗೇ ಬಳ್ಕೊಂಡಿದ್ರು."

"ಹಾಗಾದ್ರೆ ಇದು ನಡುಮಧ್ಯಕ್ಕೆ!"

ಅವಳು ನಕ್ಕಳು. ತಾನು ನಕ್ಕದ್ದು ಕೇಳಿ ತಾನೇ ಬೆಚ್ಚಿದಳು!

ಒಂದು ದಿನ ಅವನು ಇಸ್ತ್ರಿ ಪಕ್ಕಕ್ಕಿಟ್ಟು ಕೇಳಿದ. "ಈ ಕೌದಿ ನಿಮಗೆ ಬೇಕಾ?"

"ಅತ್ತೆಗೆ ಬೇಕು."

"ನಾನು ಕೇಳಿದ್ದು ನಿಮ್ಮನ್ನ."

"ಅದರ ಕೆಳಗೆ ದಿನಾ ಮಲಗೋದು ನೆನೆಸ್ಕೊಂಡ್ರೆ... ಉಸಿರು ಕಟ್ಟುತ್ತೆ." ಅಂದವಳೇ ಬಾಯಿ ಮುಚ್ಚಿಕೊಂಡಳು. ಛೇ! ಪ್ರೀತಿಸಿದ ಗಂಡನ ಬಗ್ಗೆ ಇದೆಂಥ ಮಾತು!

ಕೌದಿ ಮನೆಗೆ ಬಂದಿತು. ಅವಳು ಹೊದ್ದು ಮಲಗಿದರೆ ಎರಡೂ ಕಾಲು ಹೊರಗೆ!

"ಅಯ್ಯೋ, ಅಳತೆ ಬಾರದವನ ಕೈಗೆ ಕೊಟ್ವಲ್ಲೇ! ಇನ್ನೊಂದು ಅಂಗಿಯೂ ಉಳಿದಿಲ್ಲ!" ಅತ್ತೆ ಎದೆ ಹಿಡಿದುಕೊಂಡರು.

ಅವಳು ಅಂಗಡಿಗೆ ಓಡಿದಳು.

"ಗಿಡ್ಡ ಆಗಿದೆ!"

"ಗೊತ್ತು." ಅವನು ತಲೆ ಎತ್ತಲಿಲ್ಲ. "ಬೇಕಂತಲೇ ಮಾಡಿದ್ದು. ಅದು ನಿಮ್ಮತ್ತೆಯ ಅಳತೆ. ಉಸಿರು ಕಟ್ಟುತ್ತೆ ಅಂದ್ರಲ್ಲ... ನಿಮ್ಮ ಅಳತೆಗೆ ಹೊಲಿಯೋಕೆ ಕೈ ಏಳಲಿಲ್ಲ."

"ನಿಮ್ಮನ್ನ ಯಾರು ಕೇಳಿದ್ರು? ನನ್ನ ಪರವಾಗಿ ತೀರ್ಮಾನ ಮಾಡೋಕೆ ಅತ್ತೆ ಒಬ್ರು ಸಾಲದೂಂತ ನೀವೂ ಸೇರ್ಕೊಂಡ್ರಾ?"

ಅವನ ಮುಖ ಇಳಿಯಿತು.

"ತಪ್ಪಾಯ್ತು. ತನ್ನಿ... ಅಂಚಿಗೆ ಬಟ್ಟೆ ಸೇರಿಸಿ ಉದ್ದ ಮಾಡ್ಕೊಡ್ತೀನಿ."

ಅವಳು ಮನೆಗೆ ಬಂದಾಗ ಅತ್ತೆ ಚಾಪೆಯ ಮೇಲೆ ನಿದ್ದೆ ಹೋಗಿದ್ದರು. ಕೌದಿ ಅವರ ಕತ್ತಿನಿಂದ ಕಾಲ್ಬೆರಳವರೆಗೆ ಸರಿಯಾಗಿ ಕೂತಿತ್ತು. ಮಗ ಹೋದ ಮೇಲೆ ಅವರು ಹೀಗೆ ಗೊರಕೆ ಹೊಡೆದದ್ದನ್ನು ಅವಳು ಕೇಳಿರಲೇ ಇಲ್ಲ.

ಅವಳ ಹೆಜ್ಜೆಗೆ ಅತ್ತೆ ಕಣ್ಣು ಬಿಟ್ಟರು. "ಸುಮ್ನೆ ಹೊದ್ದು ನೋಡ್ದೆ ಕಣೇ. ನಿನ್ನದು, ತಗೋ." ಬಾಯಿ ಹಾಗೆಂದರೂ ಬೆರಳುಗಳು ಅಂಚನ್ನು ಬಿಡಲಿಲ್ಲ.

ಅವಳು ಪಕ್ಕದಲ್ಲಿ ಕೂತಳು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ...

"ಬೇಡ ಅತ್ತೆ. ಅದು ನಿಮ್ಮದು. ಅವರನ್ನ ನಾನು ಮರೆಯಲ್ಲ. ಆದ್ರೆ ಅವರನ್ನೇ ಹೊದ್ಕೊಂಡು ಬದುಕೋಕೆ ನನ್ನ ಕೈಲಿ ಆಗಲ್ಲ."

"ನನ್ನ ಬಿಟ್ಟು ಹೋಗ್ತೀಯಾ?"

"ಕೆಲಸಕ್ಕೆ ಹೋಗ್ತೀನಿ. ಮುಂದೆ ಬೇರೆ ಮನೆಗೂ ಹೋಗಬಹುದು. ಆದ್ರೆ ಬರ್ತಾ ಇರ್ತೀನಿ ಅತ್ತೆ. ಖಂಡಿತ ಬರ್ತೀನಿ."

ಅತ್ತೆ ಗೋಡೆಯ ಕಡೆ ಹೊರಳಿದರು. ಕೌದಿಯೊಳಗೆ ಹೆಗಲು ಅದುರಿತು. ಅವಳು ಬೆನ್ನು ಸವರುತ್ತಾ ಕೂತಳು, ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಕೌದಿಯೊಳಗಿಂದ ಅತ್ತೆಯ ಸಣ್ಣ ದನಿ ಬಂತು.

"ಹೋಗೋವಾಗ ಬಾಗಿಲು ಬರೀ ಮುಂದೆ ಮಾಡು. ಚಿಲಕ ಬೇಡ. ಬರ್ತೀಯಲ್ಲ..."

ಅವಳು ಅಂಗಡಿಗೆ ಮರಳಿದಾಗ ಅವನು ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು ಕಾಯುತ್ತಿದ್ದ.

"ಕೌದಿ ಎಲ್ಲಿ?"

"ಕೊಡಲ್ಲ. ಅತ್ತೆ ಮಲಗಿದ್ದಾರೆ ಅದರಲ್ಲಿ."

"ಮತ್ತೆ... ಯಾಕೆ ಬಂದ್ರಿ?"

"ಇನ್ಮೇಲೆ ನನಗೆ ಸಂಬಂಧಪಟ್ಟದ್ದನ್ನ ನನ್ನನ್ನ ಕೇಳಿ ಮಾಡಬೇಕು ಅಂತ ಹೇಳೋಕೆ!"

ಅವನು ಕೊಕ್ಕೆ ಕೆಳಗಿಟ್ಟ. ಕಿವಿ ಕೆಂಪಾಗಿತ್ತು.

"ಹಾಗಾದ್ರೆ ಕೇಳ್ತೀನಿ. ನೀವು ಬರದ ದಿನ ನಿಮ್ಮ ಯೋಚನೇಲೇ ಇಸ್ತ್ರಿ ಒತ್ತಿ ಬಟ್ಟೆ ಸುಟ್ಟು ಹಾಕ್ತೀನಿ. ನೀವಂದ್ರೆ ನನಗೆ ಅಷ್ಟು ಇಷ್ಟ. ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿತು.

"ನೀವೂ ನನಗೆ ಇಷ್ಟ. ಮದುವೆ ಮಾತು ಸ್ವಲ್ಪ ದಿನ ಬಿಟ್ಟು ಕೇಳಿ. ಮೊದಲು ಯಾರ ಕೈಯನ್ನೂ ಹಿಡೀದೆ ನಡೆದು ನೋಡಬೇಕು ಅನ್ನಿಸ್ತಿದೆ."

"ನಡೀರಿ." ಅವನು ದಾರಿ ಬಿಟ್ಟು ಸರಿದ. "ಪಕ್ಕದಲ್ಲಿ ಬರಬಹುದಾ?"

"ಕೈ ಹಿಡಿಯಲ್ಲ ತಾನೇ?"

"ಜೇಬಲ್ಲಿ ಇಟ್ಕೋತೀನಿ."

"ಹಾಗಾದ್ರೆ... ಬನ್ನಿ."