ಚೌಡಯ್ಯನವರ ಸಂಕಲ್ಪಮಾಪಕ

ಚೌಡಯ್ಯ ಮೂರನೆಯ ಸಲ ಬೆರಳಿಟ್ಟರು. ಕೀಲಿಮಣೆಯ ಮೂಲೆಯಲ್ಲಿದ್ದ ದೀಪ ಕೆಂಪಾಗಿಯೇ ಉಳಿಯಿತು.

ಆ ದೀಪದ ಹೆಸರು ಸಂಕಲ್ಪಮಾಪಕ. ಅದು ಅಲ್ಲಿಗೆ ಬಂದದ್ದೇ ಚೌಡಯ್ಯನವರ ಕೃಪೆಯಿಂದ. ಹೊಸಹೊಳೆ ನಗರಕ್ಕೆ ನೀರು ಬಿಡುವುದು ಒಂದೇ ಒಂದು ಯೂನಿಕ್ಸ್ ಗಣಕಯಂತ್ರ. ಹನ್ನೆರಡು ಮಂದಿ ಹಂಚಿಕೊಂಡು ಬಳಸುವ ಆ ಯಂತ್ರಕ್ಕೆ ಅವರು ಮೂವತ್ತೊಂದು ವರ್ಷಗಳಿಂದ ಆಡಳಿತಗಾರರು. ಆಯುಧಪೂಜೆಯಂದು ಯಂತ್ರಕ್ಕೆ ಕುಂಕುಮವಿಟ್ಟು, ಎಲ್ಲರೂ ತಂತಮ್ಮ ಗುಪ್ತಪದ, ಅಂದರೆ ಪಾಸ್‌ವರ್ಡ್, ಬದಲಿಸುವುದು ಅಲ್ಲಿನ ಪದ್ಧತಿ. ಹೋದ ವರ್ಷ ಅವರು ಆಡಳಿತಗಾರನ ಖಾತೆಯಿಂದ ಒಳಹೊಕ್ಕಿದ್ದನ್ನು ಮರೆತು, ಎಡಗೈಯಲ್ಲಿ ಕಡ್ಲೆಪುರಿ ಹಿಡಿದುಕೊಂಡು, ತಮ್ಮದೆಂದು ತಿಳಿದು ಆಡಳಿತದ ಗುಪ್ತಪದವನ್ನೇ ಬದಲಿಸಿಬಿಟ್ಟರು. ಹಳೆಯದು ಕೆಲಸ ಮಾಡಲಿಲ್ಲ; ಏನಾಗಿದೆಯೆಂದು ಯಾರಿಗೂ, ಅವರಿಗೂ, ಹೊಳೆಯಲಿಲ್ಲ. ಊರಿಗೆ ಎರಡು ದಿನ ನೀರಿರಲಿಲ್ಲ.

ಆಮೇಲೆ ವಿಜ್ಞಾನಿ ಡಾ. ಪಡಿವಾಳ್ ಈ ಉಪಕರಣ ಮಾಡಿಕೊಟ್ಟರು. ಬೆರಳ ತುದಿಯ ನಾಡಿಯಿಂದ ಅದು ಮನಸ್ಸನ್ನು ಅಳೆಯುತ್ತದೆ. ಬದಲಿಸುವ ಮನಸ್ಸಿದ್ದರೆ ದೀಪ ಹಸಿರು. ಇಲ್ಲದಿದ್ದರೆ ಗುಪ್ತಪದ ಬದಲಾಗುವುದಿಲ್ಲ.

ಇಂದು ಚೌಡಯ್ಯನವರ ನಿವೃತ್ತಿ. ಗುಪ್ತಪದ ಬದಲಿಸಿ, ಹೊಸದನ್ನು ತಮ್ಮ ಜಾಗಕ್ಕೆ ಬರುವ ರೇಷ್ಮಾಗೆ ಹೇಳಬೇಕು. ನಾಳೆ ಆಕೆ ಅದನ್ನೂ ಬದಲಿಸಿಕೊಳ್ಳಬೇಕು. ಹಳೆಯದು ನಾಲ್ಕು ಗಂಟೆಗೆ ರದ್ದಾಗುತ್ತದೆ. ಅಷ್ಟರೊಳಗೆ ಆಗದಿದ್ದರೆ ಸಂಜೆಯ ನೀರಿಲ್ಲ. ಗಂಟೆ ಮೂರೂವರೆಯಾಗಿತ್ತು.

"ಇದು ಕೆಟ್ಟಿದೆ ಮೇಡಂ," ಎಂದರು ಚೌಡಯ್ಯ.

ಪಕ್ಕದಲ್ಲೇ ನಿಂತಿದ್ದ ಡಾ. ಪಡಿವಾಳ್ ಪರೀಕ್ಷಿಸಿದರು. "ಸರಿಯಾಗೇ ಇದೆ. ಮನಸ್ಸಿಲ್ಲದೆ ಇರೋದು ನಿಮಗೆ."

"ನಿವೃತ್ತಿಗೆ ಮನಸ್ಸು ಯಾಕೆ ಬೇಕು? ವಯಸ್ಸು ಸಾಕಲ್ವಾ?"

"ಸರ್ಕಾರಕ್ಕೆ ಸಾಕು. ಇದಕ್ಕೆ ಸಾಲದು."

"ಕಿತ್ತುಹಾಕಿ ಹಾಗಾದ್ರೆ."

"ಅದಕ್ಕೂ ನೀವೇ ಮನಸ್ಸು ಮಾಡಬೇಕು."

ಚೌಡಯ್ಯ ತಲೆ ತಗ್ಗಿಸಿದರು. "ನನಗೆ ಹೋಗಕ್ಕೆ ಇಷ್ಟ ಇಲ್ಲಮ್ಮ," ಎಂದರು ಇನ್ನೊಂದು ಬದಿಯಲ್ಲಿದ್ದ ರೇಷ್ಮಾಗೆ. ಮೂವತ್ತೊಂದು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವರು ಮನಸ್ಸಿನ ಮಾತು ಹೇಳಿದ್ದು ಅದೇ ಮೊದಲು.

"ನೀವು ಹೋಗೋದು ನನಗೂ ಇಷ್ಟ ಇಲ್ಲ ಸರ್. ಆದ್ರೆ ಸಂಜೆ ನೀರು ಬಿಡಬೇಕು."

ಚೌಡಯ್ಯನವರಿಗೆ ಹೋದ ವರ್ಷ ಗೇಟಿನ ಹೊರಗೆ ಬಿಂದಿಗೆ ಹಿಡಿದು ನಿಂತ ಹೆಂಗಸರ ನೆನಪಾಯಿತು. ಆ ಗುಂಪಿನಲ್ಲಿ ಅವರ ಹೆಂಡತಿಯೂ ಇದ್ದಳು. ಮತ್ತೆ ಬೆರಳಿಟ್ಟರು. ದೀಪ ಹಸಿರಾಯಿತು.

ಮರುದಿನ ಹತ್ತೂಕಾಲಿಗೆ ಚೌಡಯ್ಯನವರಿಗೆ ಫೋನು ಬಂತು.

"ಸರ್, ಆರು ಸಲ ಬೆರಳಿಟ್ಟೆ," ಎಂದಳು ರೇಷ್ಮಾ. "ಕೆಂಪು. ನೀವಿಟ್ಟ ಗುಪ್ತಪದ ಬದಲಾಗ್ತಾನೇ ಇಲ್ಲ."

"ಈಗಲಾದ್ರೂ ಕೆಟ್ಟಿರಬೇಕು."

"ಇಲ್ಲ ಸರ್. ಮೇಡಂ ಬಂದು ನೋಡಿದ್ರು. ಸರಿಯಾಗಿದೆಯಂತೆ."

ಚೌಡಯ್ಯನವರ ಕಣ್ಣು ತುಂಬಿಬಂತು. ನಿವೃತ್ತನಾದವನಿಗೆ ಊರಿನ ಗುಪ್ತಪದ ಗೊತ್ತಿರುವುದು ಭದ್ರತೆಯ ದೃಷ್ಟಿಯಿಂದ ದೊಡ್ಡ ತಪ್ಪೆಂದು ಗದರಿಸಿದರು. ನಾಳೆ ಮತ್ತೆ ಪ್ರಯತ್ನಿಸಬೇಕೆಂದು ಕಟ್ಟುನಿಟ್ಟಾಗಿ ಹೇಳಿದರು.

"ನಾಡಿದ್ದಾದ್ರೂ ಪರವಾಗಿಲ್ಲ," ಎಂದು ಸೇರಿಸಿದರು.