ಸೌಟಿನ ಎರಡು ಏಟು

ಅಜ್ಜಿ ನನಗೆ ಕಲಿಸಿದ ಅಡುಗೆಯ ಮೊದಲ ಪಾಠವೇ ಇದು: ಉಪ್ಪು ಹಾಕಿದ ಕೂಡಲೇ ಮರದ ಸೌಟಿನಿಂದ ಪಾತ್ರೆಯ ಅಂಚಿಗೆ ಎರಡು ಸಲ ಕುಟ್ಟಬೇಕು. ಟಕ್ ಟಕ್. ಕೇಳಿಸಿಕೊಂಡವರು ಮತ್ತೆ ಉಪ್ಪು ಹಾಕಬಾರದು. ಮನೆಮಂದಿಯನ್ನೆಲ್ಲ ಅಣಕಿಸುತ್ತಿದ್ದ ನಾನು ಆ ಸದ್ದನ್ನೂ ನಾಲಿಗೆಯಲ್ಲೇ ಹೊರಡಿಸಿದರೆ, "ಮಂಗನೇ, ಬಾಯಲ್ಲಿ ಕುಟ್ಟಿದ್ರೆ ಬೇಳೆ ನಂಬಲ್ಲ ಕಣೋ," ಅನ್ನುತ್ತಿದ್ದಳು.

ಕೊನೆಯ ವರ್ಷ ಚಿಕ್ಕಪ್ಪ ಅವಳನ್ನು ಅಡುಗೆಮನೆಯಿಂದ ಹೊರಗಟ್ಟಿದರು. "ಕೈ ನಡುಗುತ್ತೆ, ಸುಮ್ನೆ ಮೂಲೇಲಿ ಕೂತ್ಕೋ," ಎಂದು ಆ ಸೌಟನ್ನು ಅವಳ ಕಣ್ಣೆದುರೇ ಮುರಿದು ಒಲೆಗೆ ಹಾಕಿದರು. ಸಾಯುವ ತನಕ ಅವಳಿಗೆ ಸಪ್ಪೆ ಗಂಜಿಯೇ ಗತಿ. "ಒಂದು ಚಿಟಿಕೆ ಉಪ್ಪು ಹಾಕೋ ಮಗಾ," ಎಂದು ಗೋಗರೆದರೂ ಚಿಕ್ಕಪ್ಪ ಕೊಡಲಿಲ್ಲ. "ಆಗಲಿ, ನಿನ್ನ ನಾಲಿಗೆಗೂ ಗೊತ್ತಾಗುತ್ತೆ," ಅಂದಳು.

ಅವಳು ಹೋದ ಮೇಲೆ ಒಂದು ಮಧ್ಯಾಹ್ನ ನಾನು ಬೇಳೆ ಬೇಯಿಸಿದ್ದೆ. ಅಮ್ಮನಿಗೂ ನನಗೂ ಹದವಾಗಿತ್ತು. ಚಿಕ್ಕಪ್ಪ ಮಾತ್ರ ಮುಖ ಸಿಂಡರಿಸಿದರು.

"ಏನೋ ಇದು, ಉಪ್ಪೇ ಇಲ್ಲ!"

ಉಪ್ಪು ಬೆರೆಸಿಕೊಂಡರು. ಖಾಲಿ ಅಡುಗೆಮನೆಯಿಂದ ಟಕ್ ಟಕ್. ಇನ್ನೂ ಸಪ್ಪೆ ಎಂದು ಮತ್ತೆ ಬೆರೆಸಿದರು. ಟಕ್ ಟಕ್, ಈ ಸಲ ಬಾಗಿಲ ಹತ್ತಿರ.

"ನಿಲ್ಸೋ ನಿನ್ನ ಮಿಮಿಕ್ರಿ!"

ನನ್ನ ಬಾಯಿ ತುಂಬ ಅನ್ನವಿತ್ತು. ಬಿಸಿ ಅನ್ನ, ಬಾಯಲ್ಲೇ ತಣ್ಣಗಾಯಿತು. ಮುಂದಿನ ಸದ್ದು ಬಂದದ್ದು ಚಿಕ್ಕಪ್ಪನ ತಟ್ಟೆಯ ಅಂಚಿನಿಂದಲೇ. ತಟ್ಟೆ ಅಲುಗಿದ್ದನ್ನು ಅಮ್ಮನೂ ನೋಡಿದಳು.

ನಾಲಿಗೆ ಸರಿಯಾಗಿಯೇ ಇದೆ ಅನ್ನುತ್ತಾರೆ ಡಾಕ್ಟರು. ಚಿಕ್ಕಪ್ಪನಿಗೆ ಇವತ್ತಿಗೂ ಉಪ್ಪಿನ ರುಚಿ ಹತ್ತಿಲ್ಲ. ನಮ್ಮ ಮನೆಯಲ್ಲಿ ಈಗಿರುವ ಸೌಟುಗಳೆಲ್ಲ ಸ್ಟೀಲಿನವು. ಕುಟ್ಟಿದರೆ ಟಣ್ ಅನ್ನುತ್ತವೆ.