ಜೋತುಬಿದ್ದ ಚೈನು

ಕಾರು ರಿಪೇರಿಯ ಮೇಸ್ತ್ರಿ ಅಕ್ಕನ ಮನೆಗೆ ಬಂದರೆ ಭಾವ ಮೊದಲು ಸೋಫಾದ ಮೇಲೆ ಹಳೆಯ ಪೇಪರ್ ಹಾಸುತ್ತಿದ್ದ. ಹದಿನಾಲ್ಕು ವರ್ಷದಿಂದ, ನೆಂಟರೆಲ್ಲರ ಎದುರು. "ಗ್ರೀಸಪ್ಪ ಬಂದ, ಹುಷಾರು!" ಎಂದು ನಗುತ್ತಿದ್ದ. ಮಿಂದು, ಒಗೆದ ಅಂಗಿ ತೊಟ್ಟು ಹೋದರೂ ಅಷ್ಟೇ. ಹೋದ ತಿಂಗಳು ಪೇಪರ್ ಹಾಸಿದವಳು ಮೇಸ್ತ್ರಿಯ ಸ್ವಂತ ಅಕ್ಕ. ಅವತ್ತು ಅವನು ಕೂರದೆ ಹೊರಟುಬಂದ.

ಹಳೆಯ ಕಾರು ಕೆಟ್ಟರೆ ಮಾತ್ರ ಆ ಮನುಷ್ಯನಿಗೆ ಗ್ರೀಸಪ್ಪನೇ ಬೇಕು. "ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಎರಡು ಸೆಕೆಂಡು ಗರಗರ ಅನ್ನತ್ತೆ, ನೋಡಿಡು," ಎಂದು ಕೀ ಎಸೆದು ಹೋದ.

ಭಾನುವಾರ ಶೆಡ್ಡಿಗೆ ಯಾರೂ ಬರುವುದಿಲ್ಲ. ಮೇಸ್ತ್ರಿ ಬಾಗಿಲು ಹಾಕಿಕೊಂಡು ಎಂಜಿನ್ನಿನ ಮೇಲಿನ ಮುಚ್ಚಳ ಎತ್ತಿದ. ಒಳಗಿನ ಹಲ್ಲುಚಕ್ರಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಟೈಮಿಂಗ್ ಚೈನು ಹೆಬ್ಬೆರಳಿಗೆ ಹಳೇ ಲಾಡಿಯ ಹಾಗೆ ಜೋತುಬಿತ್ತು. ಅದನ್ನು ಬಿಗಿಹಿಡಿಯಬೇಕಾದ ಟೆನ್ಷನರ್ ಪೂರ್ತಿ ಹೊರಚಾಚಿ ಕೈಚೆಲ್ಲಿತ್ತು. ಒಂದು ಕೊಂಡಿ ಸೀಳಿತ್ತು. ಹೆಚ್ಚೆಂದರೆ ಹತ್ತು ದಿನ. ಭಾವ ಪ್ರತಿ ಸೋಮವಾರ ಬೆಟ್ಟದ ರಸ್ತೆ ಇಳಿಯುತ್ತಾನೆ. ಅಲ್ಲಿ ಚೈನು ಕಡಿದರೆ ಎಂಜಿನ್ ನಿಲ್ಲುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ, ಎರಡು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಬಿಗಿದು ಕೂರುತ್ತದೆ, ಕಾರು ನಿಲ್ಲುವುದಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರೆ. ಇಲ್ಲಿ ಕೋಲು ಎತ್ತುವುದೇ ಬೇಡ, ಹಾವು ತಾನಾಗಿ ಸಾಯುತ್ತದೆ! ಅವನು ಏನನ್ನೂ ಕೆಡಿಸಬೇಕಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮುಚ್ಚಳ ಕೂರಿಸಿ, ಬಿಚ್ಚಿದ ಗುರುತು ಕಾಣದಂತೆ ಬೋಲ್ಟುಗಳ ಮೇಲೆ ಹಳೆಯ ಜಿಡ್ಡು ಬಳಿದ. ಸದ್ದಡಗಲೆಂದು ದಪ್ಪ ಆಯಿಲ್ ಸುರಿದ.

"ಏನಿಲ್ಲ ಭಾವ, ಆಯಿಲ್ ಹಳೇದಾಗಿತ್ತು. ಆರಾಮಾಗಿ ಓಡಿಸಿ," ಎಂದ, ಅಕ್ಕನ ಎದುರಿಗೇ.

"ಅಷ್ಟಕ್ಕೆ ಎರಡು ದಿನ ಬೇಕಾಯ್ತೇನೋ?" ಎಂದು ಭಾವ ಗೊಣಗಿದ.

ಎರಡನೆಯ ಸೋಮವಾರ ಕಾರು ಕಮರಿಗೆ ಬಿತ್ತು. ಭಾವ ಅಲ್ಲೇ ಸತ್ತ. ಅಕ್ಕ ತಮ್ಮನ ಹೆಗಲಿಗೊರಗಿ ಅತ್ತಳು. ಅವನೂ ಅತ್ತ, ಚೆನ್ನಾಗಿಯೇ ಅತ್ತ.

ಎಂಜಿನ್ ಬಿಚ್ಚಿಸಿ ನೋಡಿದ ಇನ್ಸ್‌ಪೆಕ್ಟರ್ ಶೆಡ್ಡಿಗೆ ಬಂದಾಗಲೂ ಮೇಸ್ತ್ರಿಯ ದನಿ ನಡುಗಲಿಲ್ಲ. "ಆಯಿಲ್ ಬದಲಾಯಿಸಿದ್ದಷ್ಟೇ ಸಾರ್. ಮುಚ್ಚಳ ಮುಟ್ಟೇ ಇಲ್ಲ." ಇನ್ಸ್‌ಪೆಕ್ಟರ್ ಒಂದು ಫೋಟೋ ಮುಂದಿಟ್ಟ. ಚೈನಿನ ಒಂದು ಕೊಂಡಿಯ ಮೇಲೆ, ಹಲ್ಲುಚಕ್ರದ ಒಂದು ಹಲ್ಲಿನ ಮೇಲೆ, ಹೊಸ ಬಿಳಿ ಬಣ್ಣದ ಚುಕ್ಕೆ. ಮತ್ತೆ ಜೋಡಿಸುವಾಗ ತಪ್ಪದಿರಲೆಂದು, ಚೈನು ಕಂಡ ಕೂಡಲೇ ಗುರುತಿಡುವುದು ಮೇಸ್ತ್ರಿಯ ಮೂವತ್ತು ವರ್ಷದ ರೂಢಿ. ಆ ಭಾನುವಾರ ಕೈ ಅವನನ್ನು ಕೇಳಿರಲಿಲ್ಲ. ಇನ್ಸ್‌ಪೆಕ್ಟರ್ ಆಗಲೇ ಮೇಜಿನತ್ತ ನೋಡುತ್ತಿದ್ದ. ಅಲ್ಲಿ ಬಿಚ್ಚಿಟ್ಟಿದ್ದ ಮೂರೂ ಎಂಜಿನ್ನುಗಳಲ್ಲಿ, ಅದೇ ಜಾಗದಲ್ಲಿ, ಅದೇ ಬಿಳಿ ಚುಕ್ಕೆ ಇತ್ತು.